ಜ್ವರಕ್ಕೆ ಗೊತ್ತಿಲ್ಲದ ಹೆಸರು

ಅಮೆಜಾನ್ ಕಾಡಿನ ಬುಡಕಟ್ಟು ಹಾಡಿಯೊಂದಕ್ಕೆ ಬಂದ ಎರಡನೇ ವಾರದಲ್ಲೇ ಪಾದ್ರಿ ಅನ್ಸೆಲ್ಮೊ ನಲವತ್ತು ಜನರನ್ನು ಹೊಳೆಯಲ್ಲಿ ಮುಳುಗಿಸಿ ಎತ್ತಿ, ಒಬ್ಬೊಬ್ಬರಿಗೂ ಬೈಬಲ್ಲಿನ ಹೆಸರಿಟ್ಟರು. ಇಷ್ಟು ಸಲೀಸಾಗಿ ಯಾರೂ ಮತಾಂತರವಾಗಿದ್ದನ್ನು ಅವರು ಕಂಡಿರಲಿಲ್ಲ.

ತಿಂಗಳೊಳಗೆ ಮುದುಕಿಯೊಬ್ಬಳು ಕೆಮ್ಮುತ್ತಾ ಬಂದಳು.

"ಪಾದ್ರಿಗಳೇ, ಇನ್ನೊಂದ್ಸಲ ಮುಳುಗ್ಸಿ. ಬೇರೆ ಹೆಸರಿಡಿ."

"ಯಾಕಮ್ಮ? ಮಾರ್ತಾ ಅಂತ ಇಟ್ಟಿದ್ದೀನಲ್ಲ."

"ಅದು ಕೆಮ್ಮಿಗೆ ಗೊತ್ತಾಗ್ಹೋಯ್ತು. ಕಾಯಿಲೆ ನಮ್ಮ ಹೆಸರು ಹಿಡ್ಕೊಂಡೇ ಅಲ್ವಾ ನಮ್ಮನ್ನ ಹುಡುಕ್ಕೊಂಡ್ ಬರೋದು? ಹಿಂದಿನ ಪಾದ್ರಿ ರೂತ್ ಅಂತ ಇಟ್ಟಿದ್ರು. ಐದು ವರ್ಷ ಬಾಳಿಕೆ ಬಂತು."

ಪಾದ್ರಿಗೆ ಮೈಯುರಿಯಿತು. "ಇದೆಲ್ಲ ಮೂಢನಂಬಿಕೆ. ದೀಕ್ಷಾಸ್ನಾನ ಜನ್ಮಕ್ಕೊಂದೇ ಸಲ" ಎಂದು ಅವಳನ್ನು ವಾಪಸ್ಸು ಕಳಿಸಿದರು.

ಮಳೆಗಾಲದಲ್ಲಿ ಅವರಿಗೇ ಜ್ವರ ಹಿಡಿಯಿತು. ತಂದಿದ್ದ ಮಾತ್ರೆಗಳೆಲ್ಲ ಮುಗಿದರೂ ಇಳಿಯಲಿಲ್ಲ. ಹತ್ತನೇ ದಿನ ಮುದುಕಿ ನಾಲ್ಕು ಜನರಿಂದ ಅವರನ್ನು ಹೊಳೆಗೆ ಹೊರಿಸಿಕೊಂಡು ಹೋದಳು. ಮುಳುಗಿಸಿ ಎತ್ತಿ, ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಬೇಡ ಎನ್ನಲು ಪಾದ್ರಿಗೆ ತ್ರಾಣವಿರಲಿಲ್ಲ. ಮೂರು ದಿನ ಕಳೆದ ಮೇಲೆ ಎದ್ದು ಕೂತು, ಮರಗೆಣಸಿನ ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದರು.

ಅದೇ ವಾರ ಮಿಷನ್ನಿನ ಹಿರಿಯರೊಬ್ಬರು ಹಾಡಿಯ ಕೆಲಸ ನೋಡಲು ದೋಣಿಯಲ್ಲಿ ಬಂದರು. ದಡಕ್ಕೆ ಕಾಲಿಟ್ಟವರೇ, "ಅನ್ಸೆಲ್ಮೊ, ಹೇಗಿದ್ದೀರಿ? ಜನ ದಾರಿಗೆ ಬಂದ್ರಾ?" ಎಂದು ದೊಡ್ಡ ದನಿಯಲ್ಲಿ ಕೇಳಿದರು.

ಪಾದ್ರಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಹಿರಿಯರ ಬಾಯಿಗೆ ಕೈ ಅಡ್ಡ ಹಿಡಿದರು.

"ಮೆಲ್ಲಗೆ. ಜ್ವರ ಇನ್ನೂ ಇಲ್ಲೇ ಎಲ್ಲೋ ಓಡಾಡ್ತಿದೆ, ಆ ಹೆಸರು ಅದಕ್ಕೆ ಗೊತ್ತು."