ಲಾರಿಯ ಬೆನ್ನಿನ ಬೆಟ್ಟ

ಬೋರ್ಡು ಮತ್ತೆ ಎಡಕ್ಕೆ ವಾಲಿತು. "ಈ ಓಣಿಯಲ್ಲಿ ಸರಕು ಲಾರಿ ನಿಲ್ಲಿಸಬಾರದು" ಎಂಬ ಕೆಂಪಕ್ಷರದ ಹಲಗೆಯನ್ನು ಓಣಿಯ ಬಾಯಿಯ ಕಂಬಕ್ಕೆ ಹೊಡೆಯುತ್ತಿದ್ದ ಪಾರ್ಮಿನ್ ತನ್ನ ಕೈಯನ್ನು ಬೈಯದೆ ಮೊಳೆಯನ್ನು ಬೈದ. ಓಣಿಗೆ ಅವನೇ ಮುಖಂಡ, ಬೋರ್ಡು ಸೊಟ್ಟಗಾದರೆ ನಗುವವರು ಬೇಕಾದಷ್ಟಿದ್ದರು.

"ಕೊಡಿ ದೊಡ್ಡಪ್ಪ, ನಾನು ಹಿಡ್ಕೋತೀನಿ, ನೀವು ಹೊಡೀರಿ," ಎಂದು ಕಾಫಿ ಲೋಟ ಕೆಳಗಿಟ್ಟು ಬಂದವನು ಗುನಾದಿ. ಆ ಓಣಿಯಲ್ಲಿ ಲಾರಿ ಇದ್ದದ್ದು ಅವನೊಬ್ಬನಿಗೇ.

"ನಿನ್ನ ಕುತ್ತಿಗೆಗೇ ಕಣೋ ಈ ಹಗ್ಗ. ನೀನೇ ಹಿಡ್ಕೋತೀಯಲ್ಲ."

"ಹೆಂಗೂ ಬೀಳೋದೇ ಆದ್ರೆ ನೆಟ್ಟಗೆ ಬೀಳ್ಲಿ ಬಿಡಿ. ಸಂಜೆ ಮಸೀದಿ ಬಾಂಗ್ ಆಗೋವರೆಗೂ ಟೈಮ್ ಕೊಡಿ. ಆಮೇಲೆ ಹೊಳೆ ಬಯಲಿಗೆ ಒಯ್ತೀನಿ."

ಪಾರ್ಮಿನ್‌ಗೆ ಆ ಲಾರಿಯ ಮೇಲಿನ ಸಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಅವನದು ಓಣಿಯ ಕೊನೆಯ ಮನೆ. ಬೆಟ್ಟದ ತೋಟಗಳಿಂದ ಮಲಾಂಗ್ ಪೇಟೆಗೆ ಎಲೆಕೋಸು ಸಾಗಿಸುವ ಗುನಾದಿ, ದಿನಾ ಮಧ್ಯಾಹ್ನ ಲಾರಿಯನ್ನು ಹಿಮ್ಮುಖವಾಗಿ ತಂದು ಆ ಮನೆಯ ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದ. ಕಳೆದ ಉಪವಾಸದ ತಿಂಗಳಲ್ಲಿ ಪಾರ್ಮಿನ್‌ನ ಹೆಂಡತಿ ಲೆಗಿನಾ ಅಡುಗೆಮನೆಯಲ್ಲಿ ಕುಸಿದು ಬಿದ್ದಾಗ ಆಂಬುಲೆನ್ಸ್ ಲಾರಿಯ ಆಚೆಯೇ ಕೂಗುತ್ತ ನಿಂತಿತ್ತು. ಪಕ್ಕದ ಸಂದಿನಲ್ಲಿ ಸ್ಟ್ರೆಚರ್ ಕೂಡ ತೂರಲಿಲ್ಲ. ಎಲ್ಲೋ ಇದ್ದ ಗುನಾದಿ ಕೀಲಿ ಹಿಡಿದು ಓಡಿ ಬರುವಷ್ಟರಲ್ಲಿ ಅವಳ ಎಡಭಾಗ ಸ್ವಾಧೀನ ತಪ್ಪಿತ್ತು. ಅಂದಿನಿಂದ ಲೆಗಿನಾ ಕಿಟಕಿ ಪಕ್ಕದ ಮಂಚ ಬಿಟ್ಟು ಇಳಿದಿಲ್ಲ. ಓಣಿಯ ಸಭೆಯಲ್ಲಿ ಪಾರ್ಮಿನ್ ಮೇಜು ಕುಟ್ಟಿ ಈ ನಿಯಮ ಮಾಡಿಸಿದ. ಎಲ್ಲರೂ ಕೈಯೆತ್ತಿದರು, ಗುನಾದಿಯೂ.

ಲಾರಿಯ ಪಕ್ಕದಲ್ಲಿ ಮೈ ತೂರಿಸಿಕೊಂಡು ಮನೆಯೊಳಗೆ ಬಂದ ಪಾರ್ಮಿನ್ ಸುತ್ತಿಗೆಯನ್ನು ಮೂಲೆಗಿಟ್ಟ. "ಮುಗೀತು ಕಣೇ. ಈ ಪೀಡೆ ಇವತ್ತು ಸಂಜೆಗೆ ತೊಲಗುತ್ತೆ."

ಲೆಗಿನಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಇವತ್ತೇನಾ? ನಾನಿನ್ನೂ ಸೇತುವೆ ಹತ್ರಾನೇ ಇದ್ದೀನಲ್ರೀ."

"ಯಾವ ಸೇತುವೆನೇ?"

"ಅಲ್ಲಿ ನಿಂತ್ರೆ ಕಾಣಲ್ಲ. ಇಲ್ಲಿ ತಲೆ ಇಡಿ."

ಇವಳಿಗೆ ಬುದ್ಧಿಯೂ ಮಂಕಾಗುತ್ತಿದೆಯೇ ಎಂದು ಹೆದರಿಯೇ ಅವನು ದಿಂಬಿನ ಮೇಲೆ ಅವಳ ತಲೆಯ ಪಕ್ಕ ತನ್ನ ನರೆತ ತಲೆಯಿಟ್ಟ. ಓಣಿಯೇ ಇರಲಿಲ್ಲ. ಚರಂಡಿಯೂ ಇಲ್ಲ, ಒಣಹಾಕಿದ ಬಟ್ಟೆಯೂ ಇಲ್ಲ. ಕಿಟಕಿಯ ತುಂಬ ಲಾರಿಯ ಬೆನ್ನಿನ ಮೇಲೆ ಬರೆಸಿದ ಚಿತ್ರ: ನೀಲಿ ಬೆಟ್ಟ, ಅದರಡಿ ಒಂದು ಹೊಳೆ, ಬಿದಿರಿನ ಸೇತುವೆ, ಸೇತುವೆಯಾಚೆ ಬೆಟ್ಟ ಹತ್ತುವ ಹಳದಿ ಕಾಲುದಾರಿ. ದಿನಾ ಅದನ್ನು ದಾಟಿ ಓಡಾಡುವ ಪಾರ್ಮಿನ್ ಒಮ್ಮೆಯೂ ಕಣ್ಣೆತ್ತಿ ನೋಡಿರಲಿಲ್ಲ. ಕಿಟಕಿಯ ಪರದೆ ಅಲುಗಿದಾಗ ಹೊಳೆ ಹರಿದಂತಾಯಿತು. ಹಸಿ ಎಲೆಕೋಸಿನ ವಾಸನೆ ಬೆಟ್ಟದ ಕಡೆಯಿಂದಲೇ ತೇಲಿಬಂತು.

"ಲಾರಿ ಬಂದು ನಿಂತ ಮೇಲೆ ದಿನಾ ಒಂದಿಷ್ಟು ದೂರ ನಡೀತೀನಿ. ಮೊದಮೊದ್ಲು ಹೊಳೆವರೆಗೂ ಹೋಗಿ ಬರ್ತಿದ್ದೆ," ಎಂದಳು ಲೆಗಿನಾ. "ಅಲ್ಲಿ ಈ ಎಡಗಾಲೂ ನಡಿಯುತ್ತೆ ಕಣ್ರೀ."

ಪಾರ್ಮಿನ್ ತನ್ನ ಹೆಂಡತಿ ನಡೆದಾಡುವ ಒಂದೇ ಒಂದು ದಾರಿಗೆ ತಾನೇ ಕೈಯಾರೆ ಮೊಳೆ ಹೊಡೆದು ಬಂದಿದ್ದ. ಅಷ್ಟರಲ್ಲಿ ಬಾಂಗ್ ಕೇಳಿಸಿತು, ಅದು ಮುಗಿಯುತ್ತಿದ್ದಂತೆ ಲಾರಿ ಗುರುಗುಟ್ಟಿತು. ಅವನು ಎದ್ದು ಓಡಿದ.

"ನಿಲ್ಸೋ ಗುನಾದಿ. ಬೋರ್ಡು ಕಿತ್ತು ಹಾಕ್ತೀನಿ. ಇಲ್ಲೇ ಇರ್ಲಿ ಲಾರಿ."

ಗುನಾದಿ ಮೇಲಿನಿಂದ ತಲೆ ಹೊರಹಾಕಿದ. "ಬೇಡ ದೊಡ್ಡಪ್ಪ. ಆವತ್ತು ಆಂಬುಲೆನ್ಸ್ ಕೂಗಿದ್ದು ಈಗ್ಲೂ ನನ್ನ ಕಿವೀಲಿದೆ. ಇನ್ನೊಂದ್ಸಲ ದೊಡ್ಡಮ್ಮಂಗೆ ಏನಾದ್ರೂ ಆದ್ರೆ ದಾರಿ ಇರ್ಬೇಕು."

ಸಭೆಯಲ್ಲಿ ಪಾರ್ಮಿನ್ ಆಡಿದ್ದೂ ಇದೇ ಮಾತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬೆಟ್ಟ, ಹೊಳೆ, ಸೇತುವೆ ಎಲ್ಲವೂ ನಿಧಾನವಾಗಿ ದೂರ ಸರಿದು ತಿರುವಿನಲ್ಲಿ ಮರೆಯಾದವು.

ಒಳಗೆ ಲೆಗಿನಾ ಕಣ್ಣು ಮುಚ್ಚಿಕೊಂಡಿದ್ದಳು. ಕಿಟಕಿಯಲ್ಲಿ ಈಗ ಖಾಲಿ ಓಣಿ, ಅದರ ತುದಿಯಲ್ಲಿ ನೆಟ್ಟಗೆ ನಿಂತ ಬೋರ್ಡು.

"ಸಿಟ್ಟು ಬಂತೇನೇ?"

"ಇಲ್ಲಪ್ಪ. ಒಂದು ಎಡವಟ್ಟಾಯ್ತು ಅಷ್ಟೆ. ಲಾರಿ ಹೊರಟೇಬಿಡುತ್ತಲ್ಲ ಅಂತ ಅವಸರದಲ್ಲಿ ಸೇತುವೆ ದಾಟಿಬಿಟ್ಟೆ. ವಾಪಸ್ಸು ಬರೋಕಾಗ್ಲಿಲ್ಲ, ಅಲ್ಲೇ ಉಳ್ಕೊಂಡೆ." ಅವಳ ಅರ್ಧ ಮುಖದಲ್ಲಿ ನಗುವಿತ್ತು, ಎರಡು ಕಣ್ಣಲ್ಲೂ ನೀರಿತ್ತು. "ಹೋಗಿ ಕರ್ಕೊಂಡು ಬನ್ರೀ."

ಬೇರೆ ದಿನವಾಗಿದ್ದರೆ ಪಾರ್ಮಿನ್ ಗದರಿಬಿಡುತ್ತಿದ್ದ. ಇವತ್ತು ಬಗ್ಗಿ ಮಂಚದಡಿ ಕೈಯಾಡಿಸಿ, ಸಿಕ್ಕಿದ್ದನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಹೊಳೆ ಬಯಲಿನಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಗುನಾದಿಯ ಲಾರಿಯ ಹಿಂದೆ ನಿಂತು ಪಾರ್ಮಿನ್ ಆ ಹಳದಿ ಕಾಲುದಾರಿಯನ್ನು ತುಂಬ ಹೊತ್ತು ನೋಡಿದ. ಸಂಜೆಬೆಳಕಿನಲ್ಲಿ ಬೆಟ್ಟ ನಿಜವಾದ ಬೆಟ್ಟದಷ್ಟೇ ದೂರವಿತ್ತು. ಕಂಕುಳಲ್ಲಿದ್ದ ಒಂದು ಜೊತೆ ಚಪ್ಪಲಿ ತೆಗೆದು, ಧೂಳು ಕೊಡವಿ, ಚಿತ್ರದ ಕೆಳಗೆ ನೆಲದ ಮೇಲೆ ಜೋಡಿಸಿಟ್ಟ.

ಗುನಾದಿ ಇಳಿದು ಬಂದ. "ಇದೇನು ದೊಡ್ಡಪ್ಪ? ಯಾರ ಚಪ್ಪಲಿ?"

"ನಿನ್ನ ದೊಡ್ಡಮ್ಮಂದು," ಎಂದ ಪಾರ್ಮಿನ್, ದಾರಿಯಿಂದ ಕಣ್ಣು ತೆಗೆಯದೆ. "ಬರಿಗಾಲಲ್ಲಿ ಹೋಗಿದ್ದಾಳೆ."