ಹತ್ತಕ್ಕೆ ಹತ್ತು

“ನಿಜ ಹೇಳಿ. ಆ ಲ್ಯಾಬಿನ ಔಷಧ ಕದ್ದು ಕುಡೀತಿದೀರಾ?”

ಹೆಂಡತಿ ಫ್ರಿಜ್ಜಿನ ಮುಂದೆ ನಿಂತು ಕೇಳಿದಳು. ಅದರ ಬಾಗಿಲಿಗೆ ಮಗಳು ಒಂದು ಹಾಳೆ ಅಂಟಿಸಿದ್ದಳು. ಹಾಳೆಯ ಮೇಲೆ ನೀಲಿ ಪೆನ್ಸಿಲಿನ ಗೀಟು. ಮೊದಲ ಎರಡು ತಿಂಗಳು ಐದರ ಸುತ್ತ ತೂಕಡಿಸಿ, ಆಮೇಲೆ ಎದ್ದು ಕೂತು, ಆರು, ಏಳು, ಎಂಟು. ನಿನ್ನೆ ಒಂಬತ್ತು.

“ನಿನ್ನಾಣೆ, ಒಂದು ತೊಟ್ಟೂ ಇಲ್ಲ.” ಅದು ಅಪ್ಪಟ ಸತ್ಯ.

“ಮತ್ತೆ ಬೆರಳು ಹೇಗೆ ಸರಿಹೋಗ್ತಿದೆ?”

“ಹೊಲಿಗೆ ಹಾಕಿದ ಡಾಕ್ಟ್ರು ಹೇಳಿರ್ಲಿಲ್ವಾ? ನರ ಬೆಳೆದ್ರೆ ದಿನಕ್ಕೊಂದು ಮಿಲಿಮೀಟರ್ ಬೆಳೆಯುತ್ತೆ ಅಂತ.”

“ಆರು ವರ್ಷದಿಂದ ಲ್ಯಾಬಲ್ಲಿ ಒಂದು ನರಾನೂ ಬೆಳೆಸೋಕಾಗ್ಲಿಲ್ಲ ನಿಮ್ಮ ಕೈಲಿ. ಮನೇಲಿ ತಾನಾಗೇ ಬೆಳೀತಿದೆಯಾ?”

ಅವನು ಎಡಗೈಯಲ್ಲಿ ಚಹಾ ಎತ್ತಿಕೊಂಡ, ಲೋಟದ ತಳಕ್ಕೆ ಕಿರುಬೆರಳು ಕೊಟ್ಟು. ಹೆಂಡತಿ ಅದೇ ಲೋಟವನ್ನು ಬಟ್ಟೆಯಲ್ಲಿ ಹಿಡಿದು ತಂದಿದ್ದಳು.

ಕತ್ತರಿಸಿದ ನರ ಮತ್ತೆ ಬೆಳೆಯುವಂತೆ ಮಾಡುವ ಪುಟ್ಟ ಅಣುವೊಂದನ್ನು ಹುಡುಕುವುದು ಅವನ ಉದ್ಯೋಗ. ಅಂಗೈಯಗಲದ ತಟ್ಟೆ, ಅದರಲ್ಲಿ ತೊಂಬತ್ತಾರು ಗುಣಿ, ಗುಣಿಯಲ್ಲಿಷ್ಟು ನರಕೋಶ, ಮೇಲೊಂದು ತೊಟ್ಟು ಔಷಧ. ಮೂರು ದಿನ ಬಿಟ್ಟು ನೋಡಿದರೆ ಎಳೆ ಹೊರಟಿರಬೇಕು. ಹೊರಟಿರುವುದಿಲ್ಲ. ಹೀಗೆ ಎರಡು ಸಾವಿರದ ನಾನೂರು ಅಣುಗಳನ್ನು ಮುಗಿಸಿದ್ದ. ಸಹೋದ್ಯೋಗಿಗಳು ಅವನನ್ನು ‘ಸೊನ್ನೆ ಸಾಹೇಬರು’ ಎನ್ನುತ್ತಿದ್ದರು. ಈಚೆಗೆ ಫೋನ್ ಎತ್ತಿದರೆ ಅವನೂ ಅದೇ ಹೆಸರು ಹೇಳುತ್ತಿದ್ದ.

ಇಂಥವನ ನರವೇ ತುಂಡಾಗಬೇಕೆ? ಆರು ತಿಂಗಳ ಹಿಂದೆ ಮಗಳ ಶಾಲೆಯ ನಾಟಕಕ್ಕೆ ಬಂದೇ ಬರುತ್ತೇನೆಂದು ಮಾತು ಕೊಟ್ಟು, ತಟ್ಟೆ ತುಂಬುತ್ತ ಕುಳಿತು, ಪರದೆ ಬಿದ್ದ ಮೇಲೆ ಮನೆ ಸೇರಿದ. ಹತ್ತು ವರ್ಷದ ಮಗಳು ನಡುಮನೆಯ ಗಾಜಿನ ಬಾಗಿಲನ್ನು ಅವನ ಮುಖಕ್ಕೆ ಧಡಾರನೆ ತಳ್ಳಿದಳು. ಅವನು ಎಡಗೈ ಅಡ್ಡ ಕೊಟ್ಟ. ಗಾಜು ಒಡೆದು ಮಣಿಕಟ್ಟಿನ ನರ ಕತ್ತರಿಸಿತು. ಕಿರುಬೆರಳು, ಉಂಗುರಬೆರಳು ಎರಡಕ್ಕೂ ಸ್ಪರ್ಶ ಹೋಯಿತು. ಲ್ಯಾಬಿನವರು ಹೂವಿನ ಜತೆ ಚೀಟಿ ಕಳಿಸಿದರು: ‘ಎರಡು ಸಾವಿರದ ನಾನೂರ ಒಂದನೆಯ ಪ್ರಯೋಗಕ್ಕೆ ಶುಭಾಶಯಗಳು.’ ಅವನು ನಕ್ಕ. ಮಗಳು ನಗಲಿಲ್ಲ.

ಅಂದಿನಿಂದ ಅವಳು ಯಾವ ಬಾಗಿಲನ್ನೂ ಮುಚ್ಚಲಿಲ್ಲ. ಕೋಣೆ, ಕಪಾಟು, ಕಡೆಗೆ ಬಚ್ಚಲು ಕೂಡ. ಮನೆಗೆ ಮನೆಯೇ ಬಾಯಿ ತೆರೆದುಕೊಂಡಿರುತ್ತಿತ್ತು. ಬೈಯಲು ಯಾರಿಗೂ ಮನಸ್ಸು ಬರಲಿಲ್ಲ. “ಅಪ್ಪಾ, ಬೆರಳಿಗೆ ಗೊತ್ತಾಗುತ್ತಾ?” ಎಂದು ದಿನವೂ ಕೇಳುವಳು. “ಇಲ್ಲ” ಎಂದರೆ ಊಟ ಬಿಡುವಳು.

ಅದಕ್ಕೇ ಅವನು ಪರೀಕ್ಷೆ ಹೇಳಿಕೊಟ್ಟ. ತನ್ನ ಕಣ್ಣಿಗೆ ಟವೆಲ್. ಅವಳು “ಈಗ” ಎನ್ನುತ್ತ ಹತ್ತಿ ಸುತ್ತಿದ ಕಡ್ಡಿಯಿಂದ ಎರಡರಲ್ಲೊಂದು ಬೆರಳನ್ನು ಮುಟ್ಟಬೇಕು. ಯಾವುದೆಂದು ಅವನು ಹೇಳಬೇಕು. ದಿನಕ್ಕೆ ಹತ್ತು ಸಲ.

“ಹತ್ತಕ್ಕೆ ಐದು ಬಂದ್ರೆ ಸೊನ್ನೆ ಅಂತ್ಲೇ ಲೆಕ್ಕ, ಪುಟ್ಟೀ. ಸುಮ್ನೆ ಊಹಿಸಿದ್ರೂ ಐದು ಬರುತ್ತೆ.”

“ಯಾವ ಬೆರಳು ಅಂತ ನಾನೇ ಆರಿಸ್ಕೊಳ್ಲಾ?”

“ಬೇಡ. ಮನಸ್ಸು ಮೋಸ ಮಾಡುತ್ತೆ. ಪಟ್ಟಿ ಇರ್ಬೇಕು.”

ಪಟ್ಟಿಯನ್ನು ಲ್ಯಾಬಿನಿಂದಲೇ ತಂದುಕೊಟ್ಟ. ಯಾವ ಕ್ರಮವೂ ಇಲ್ಲದೆ ಬರೆದ ಒಂದು, ಎರಡುಗಳ ಸಾಲುಗಳು. ಯಾವ ಗುಣಿಗೆ ಔಷಧ, ಯಾವುದಕ್ಕೆ ಬರೀ ನೀರು ಎಂದು ಹೇಳುವ ಹಾಳೆ ಅದು. ತಟ್ಟೆ ತುಂಬುವ ಅವನಿಗೆ ಮಾತ್ರ ಕಾಣಬೇಕು, ಎಳೆ ಎಣಿಸುವವರಿಗೆ ಕಾಣಬಾರದು. ಹೊಸದು ಮಾಡಲು ಸೋಮಾರಿತನವಾಗಿ, ಆರು ವರ್ಷವೂ ಅದೊಂದನ್ನೇ ನೋಡಿ ನೋಡಿ ತಟ್ಟೆ ತುಂಬಿದ್ದ. ಮನೆಯಲ್ಲಿ ಒಂದೆಂದರೆ ಕಿರುಬೆರಳು, ಎರಡೆಂದರೆ ಉಂಗುರಬೆರಳು; ದಿನಕ್ಕೊಂದು ಸಾಲು. ಮುಗಿದರೆ ಮತ್ತೆ ಮೇಲಿನಿಂದ.

“ಬರೀ ನೀರು ಯಾಕಪ್ಪಾ ಹಾಕ್ತೀಯ?”

“ಅದರಲ್ಲೂ ಬೆಳೆದ್ರೆ ಔಷಧದ್ದೇನಿಲ್ಲ, ನಮ್ಮದೇ ಏನೋ ಎಡವಟ್ಟು ಅಂತ ಗೊತ್ತಾಗ್ಲಿ ಅಂತ.”

“ನಾವೂ ಮಧ್ಯೆ ಮಧ್ಯೆ ಹಾಗೆ ಮಾಡೋಣ್ವಾ?”

“ಮನೇಲಿ ಅಷ್ಟೆಲ್ಲ ಬೇಡ ಬಿಡು.”

ಎರಡು ತಿಂಗಳು ಬರೀ ಐದು. ಮಗಳು ಸೊರಗಿದಳು. ಮೂರನೆಯ ತಿಂಗಳು ಗೀಟು ಮೇಲೆದ್ದಿತು. ಎಂಥ ಗೀಟು! ಗಡಿಬಿಡಿಯಿಲ್ಲ, ನೆಗೆತವಿಲ್ಲ; ಎರಡು ಹೆಜ್ಜೆ ಹತ್ತಿ ಒಂದು ಜಾರಿ, ಮತ್ತೆ ಹತ್ತುವುದು. ಸೊನ್ನೆ ಸಾಹೇಬರ ಇಡೀ ವೃತ್ತಿಜೀವನದಲ್ಲಿ ಇಷ್ಟು ಚೆಂದದ ಫಲಿತಾಂಶ ಇದೊಂದೇ. ಆರು ಬಂದ ವಾರ ಕಪಾಟು ಮುಚ್ಚಿತು. ಏಳಕ್ಕೆ ಬಚ್ಚಲು. ಎಂಟಕ್ಕೆ ಅವಳ ಕೋಣೆ. ಉಳಿದದ್ದು ಹೊಸ ಗಾಜು ಹಾಕಿಸಿದ ನಡುಮನೆಯ ಬಾಗಿಲೊಂದೇ.

ಈ ಸಂಜೆ ಮಗಳು ಮನೆಪಾಠ ಮುಗಿಸಿ ಪಟ್ಟಿ ಹಿಡಿದು ಎದುರು ಕುಳಿತಳು. ಟವೆಲನ್ನು ಎಂದಿಗಿಂತ ಬಿಗಿಯಾಗಿ ಕಟ್ಟಿದಳು.

“ಈಗ.”

“ಉಂಗುರ.”

“ಈಗ.”

“ಕಿರುಬೆರಳು.”

“ಈಗ.”

“ಕಿರುಬೆರಳೇ.”

ಏಳನೆಯದಕ್ಕೆ ಅವನು ಹುಬ್ಬು ಗಂಟಿಕ್ಕಿ ತುಸು ತಡೆದ. ಮಗಳು ಕಾದಳು. “ಉಂಗುರ,” ಎಂದ. ಹತ್ತೂ ಮುಗಿಯಿತು.

“ಎಷ್ಟು ಪುಟ್ಟೀ?”

“ಹತ್ತಕ್ಕೆ ಹತ್ತು.”

ಅಡುಗೆಮನೆಯಿಂದ ಚಪ್ಪಾಳೆ ಕೇಳಿಸಿತು. “ಅಂತೂ ಸೊನ್ನೆ ಸಾಹೇಬರು ಪಾಸು!”

ಅವನು ಟವೆಲ್ ಬಿಚ್ಚಿದ. ಮಗಳು ನೀಲಿ ಪೆನ್ಸಿಲ್ ಎತ್ತಿಕೊಂಡಿರಲಿಲ್ಲ. ಎದ್ದು ಹೋಗಿ, ನಡುಮನೆಯ ಗಾಜಿನ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮನಿಗೆ ಕೇಳಿಸದಂತೆ ಮೆಲ್ಲಗೆ ಮುಚ್ಚಿದಳು. ಬಂದು ಅವನ ಪಕ್ಕಕ್ಕೆ ಒತ್ತಿ ಕುಳಿತಳು.

“ಅಪ್ಪಾ, ಇವತ್ತು ಹತ್ತೂ ಬರೀ ನೀರು. ಒಂದ್ಸಲಾನೂ ನಾನು ನಿನ್ನ ಮುಟ್ಟೇ ಇಲ್ಲ.”