ಅಕ್ಕನ ತೂಗುಬುಟ್ಟಿ

ಒದ್ದೆ ತೆಂಗಿನ ನಾರಿನ ವಾಸನೆ ಬಂದರೆ ಈಗಲೂ ನನ್ನ ಅಂಗೈ ತಾನಾಗಿ ಮೇಲಕ್ಕೆ ತಿರುಗುತ್ತದೆ.

ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ತೆಂಗಿನ ನಾರು ಹಾಸಿದ ತೂಗುಬುಟ್ಟಿಗಳಲ್ಲಿ ಐವಿ ಬಳ್ಳಿ ಬೆಳೆಸಿ ಮಾರುತ್ತಿದ್ದಳು. ನೀರು ಹಾಕುವುದು ಅಕ್ಕನ ಕೆಲಸ. ಚರ್ಚಿಗೆ ಹೋಗುವಾಗಲೂ ಅವಳ ಉಗುರಿನಲ್ಲಿ ಕೆಂಪು ಮಣ್ಣು ಇರುತ್ತಿತ್ತು. ನೀರು ಹಾಕುವ ಮೊದಲು ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟು ಎತ್ತಿ ನೋಡುತ್ತಿದ್ದಳು. "ಹಗುರ ಆಗ್ಯದ, ನೀರ್ ತಾ" ಅಂದರೆ ನಾನು ಚೊಂಬು ತರಬೇಕು. ಬಾಗಿಲ ಪಕ್ಕದ ಬುಟ್ಟಿ ಅವಳದೇ, ಅದನ್ನು ಮಾರುತ್ತಿರಲಿಲ್ಲ.

ಅಕ್ಕ ಜ್ವರದಲ್ಲಿ ತೀರಿಕೊಂಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕಮಠಾಣದಿಂದ ಟೀಚರಮ್ಮ ಒಬ್ಬರು ಬಂದರು. ಎಲ್ಲ ಬುಟ್ಟಿ ನೋಡಿ ಬಾಗಿಲ ಹತ್ತಿರ ನಿಂತರು. ಅಲ್ಲಿಯ ಬಳ್ಳಿ ನೆಲ ಮುಟ್ಟುತ್ತಿತ್ತು.

"ಇದೇ ಕೊಡ್ರಿ. ಎಷ್ಟ್ ಛಂದ ಬೆಳದದ ನೋಡ್ರಿ."

ಅದು ಮಾರುವುದಲ್ಲ ಎಂದು ಅವ್ವ ಹೇಳುತ್ತಾಳೆ ಅಂತ ಕಾದೆ. ಅವಳು ಸ್ಟೂಲು ಹತ್ತಿ ಬುಟ್ಟಿ ಇಳಿಸಿದಳು. ಬಳ್ಳಿಯ ತುದಿಗಳನ್ನು ಹಳೆ ಪೇಪರಿನಲ್ಲಿ ಸುತ್ತಿದಳು. ಒಂದು ಎಲೆಯೂ ಮುರಿಯಲಿಲ್ಲ.

"ದಿನಾ ನೀರ್ ಹಾಕಬ್ಯಾಡ್ರಿ, ಬೇರು ಕೊಳೀತಾವ. ಕೆಳಗಿಂದ ಎತ್ತಿ ನೋಡ್ರಿ," ಅಂದಳು.

ಟೀಚರಮ್ಮ ಹೋದ ಮೇಲೆ ಅವ್ವ ಉದುರಿದ ನಾರು ಗುಡಿಸಿದಳು. ಉಳಿದ ಬುಟ್ಟಿಗಳ ತಳಕ್ಕೆ ಒಂದೊಂದಾಗಿ ಕೈ ಕೊಡುತ್ತ ಬಾಗಿಲ ತನಕ ಬಂದಳು. ಖಾಲಿ ಕೊಂಡಿಯ ಕೆಳಗೂ ಅಂಗೈ ಹಿಡಿದು ನಿಂತಳು.

"ಹಗುರ ಆಗ್ಯದ," ಅಂದಳು. "ನೀರ್ ತಾ."

ನಾನು ಚೊಂಬು ತುಂಬಿಸಿ ತಂದುಕೊಟ್ಟೆ.